ಏಳನೆಯ ಸ್ಲೈಡಿನ ಲೆಕ್ಕ

ಏಳನೆಯ ಸ್ಲೈಡಿನಲ್ಲಿ, ಇಲಿಮರಿಯ ಮೆದುಳಿನ ಮೇಲ್ಪದರಕ್ಕೆ ಹತ್ತಿ ಕುಳಿತಿದ್ದ ಹಸಿರು ನರಕೋಶಗಳು ನಲವತ್ತೊಂದು. ಅಕ್ಕ ಹಾಳೆಯಲ್ಲಿ ಹತ್ತೊಂಬತ್ತು ಎಂದು ಬರೆದಳು. ಬರೆದ ಮೇಲೆ ಒಮ್ಮೆ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಎಂಟನೆಯದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು.

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಅಕ್ಕ ಎಂದೇ. ಇನ್ನೂ ಹುಟ್ಟದ ಇಲಿಮರಿಯ ಮೆದುಳಿನಲ್ಲಿ ಯಾವ ನರಕೋಶ ಏನಾಗಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ ಎಂದು ಹನ್ನೊಂದು ವರ್ಷದ ಹಿಂದೆ ತೋರಿಸಿದವಳು ಅವಳು. ಕೆಳಪದರಕ್ಕೆ ಸೇರಬೇಕಾದ ಎಳೆಯ ಕೋಶಕ್ಕೆ ಹಸಿರು ಗುರುತು ಹಚ್ಚಿ, ಮೇಲ್ಪದರ ಕಟ್ಟಿಕೊಳ್ಳುತ್ತಿರುವ ಇನ್ನೊಂದು ಮೆದುಳಿಗೆ ಬಿಟ್ಟರೂ ಅದು ಹಟ ಹಿಡಿದು ಕೆಳಗೇ ಉಳಿಯುತ್ತದೆ ಎಂದಿದ್ದಳು. ಆವತ್ತು ಮುಖ್ಯಸ್ಥರು, ಎಲ್ಲರ ಬಾಯಲ್ಲಿ ಮೇಷ್ಟ್ರು, ಅವಳಿಗೆ 'ಭಲೇ' ಎಂದಿದ್ದರು. ಆಮೇಲೆ ಆ ಮಾತನ್ನು ಅವರು ಯಾರಿಗೂ ಅಂದಿರಲಿಲ್ಲ. ಕಳೆದ ತಿಂಗಳು ಗುಬ್ಬಿಗೆ ಅಂದರು.

ಗುಬ್ಬಿ ಸೇರಿ ಎಂಟು ತಿಂಗಳೂ ಆಗಿರಲಿಲ್ಲ. ಪುಟ್ಟ ದೇಹ, ಬಾಯಿ ಮುಚ್ಚುವವಳಲ್ಲ, ಅದಕ್ಕೇ ಆ ಅಡ್ಡಹೆಸರು. "ಎಲ್ಲಾ ಕೆಲವು ಗಂಟೆಗಳ ಆಟ ಅಕ್ಕಾ," ಎಂದಿದ್ದಳು, ಬಿಸ್ಕತ್ತು ಕಡಿಯುತ್ತ. "ತಾಯಿಕೋಶ ಕೊನೇ ಸಲ ಒಡೆದು ಎರಡಾಗೋಕೆ ಮೊದಲೇ ತೆಗೆದು ಇನ್ನೊಂದು ಮೆದುಳಿಗೆ ಬಿಟ್ರೆ, ಅದರ ಮರಿಗಳು ಹೊಸ ನೆರೆಹೊರೆ ನೋಡ್ಕೊಂಡು ಅವರ ಥರಾನೇ ಆಗಿಬಿಡ್ತವೆ. ಅವರ ಜೊತೆ ಮೇಲಕ್ಕೆ ಹತ್ತುತ್ತವೆ. ಒಡೆದ ಮೇಲೆ ತೆಗೆದ್ರೆ ಮಾತ್ರ ನೀವು ಹೇಳಿದ ಹಾಗೆ ಜಪ್ಪಯ್ಯ ಅಂದ್ರೂ ಬದಲಾಗಲ್ಲ." ಅಕ್ಕ ನಕ್ಕಿದ್ದಳು. ಮೇಷ್ಟ್ರು 'ಭಲೇ' ಎಂದದ್ದು ಇದಕ್ಕೇ. ಅಂದಿನಿಂದ ಅವರು ದಿನಕ್ಕೆರಡು ಸಲ ಬಂದು ಗುಬ್ಬಿಯ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂರತೊಡಗಿದರು. ಅವರ ನಗು ಗೋಡೆಯಾಚೆಯಿಂದ ಕೇಳಿದಾಗಲೆಲ್ಲ ಅಕ್ಕನ ಕೈಯ ಕೆಲಸ ನಿಂತುಹೋಗುತ್ತಿತ್ತು.

ಗುಬ್ಬಿ ಪ್ರಯೋಗ ಮಾಡಿ ಎಣಿಸಿದ್ದು ಸರಿಯೇ ಎಂದು ನೋಡಲು ಇನ್ನೊಬ್ಬರೂ ಎಣಿಸಬೇಕಿತ್ತು. ಯಾವ ಸ್ಲೈಡು ಕೋಶ ಒಡೆಯುವ ಮೊದಲಿನದು, ಯಾವುದು ಆಮೇಲಿನದು ಎಂದು ತಿಳಿಯದಿರಲಿ ಎಂದು ಬರೀ ನಂಬರು ಅಂಟಿಸಿ ಅಕ್ಕನ ಕೈಗೆ ಕೊಟ್ಟಿದ್ದರು. ಆದರೆ ಹಸಿರು ಮೇಲೆ ಹತ್ತಿರುವುದು ಕಂಡರೆ ಸಾಕು, ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಹನ್ನೆರಡರಲ್ಲಿ ಅಂಥವು ಆರು. ಆರರಲ್ಲೂ ಅರ್ಧಕ್ಕರ್ಧ ಇಳಿಸಿ ಬರೆದಳು.

ಮಾರನೆಯ ದಿನ ಬೆಳಿಗ್ಗೆ ಮೇಷ್ಟ್ರು ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹಣೆ ಉಜ್ಜಿಕೊಂಡರು. "ಒಂದಕ್ಕೊಂದು ತಾಳೆನೇ ಆಗ್ತಿಲ್ಲವಲ್ಲ. ಈ ಕಮ್ಮಿ ಲೆಕ್ಕ ನಿಜವಾದ್ರೆ ಇಲ್ಲಿ ಹೇಳೋಕೆ ಏನೂ ಉಳಿಯಲ್ಲ."

ಗುಬ್ಬಿ ಎರಡನ್ನೂ ನೋಡಿದಳು. ಅವಳ ಕಿವಿ ಕೆಂಪಾಯಿತು. ಈ ಮುಖ ಬಾಡುವುದನ್ನು ನೋಡಬೇಕೆಂದು ಅಕ್ಕ ಎಷ್ಟು ದಿನದಿಂದ ಕಾದಿದ್ದಳು!

"ಅಕ್ಕಂದೇ ಸರಿ ಇರತ್ತೆ ಮೇಷ್ಟ್ರೇ," ಎಂದಳು ಗುಬ್ಬಿ. "ನನಗೆ ಬೇಕಾಗಿದ್ದೇ ನನ್ನ ಕಣ್ಣಿಗೆ ಕಂಡಿರತ್ತೆ. ಅವರ ಕಣ್ಣು ತಪ್ಪುತ್ತಾ?" ತನ್ನ ಹಾಳೆಯನ್ನು ಉಂಡೆ ಮಾಡಿ ಬುಟ್ಟಿಗೆ ಹಾಕಿ, ಅಕ್ಕನ ಕಡೆ ತಿರುಗಿದಳು. "ಮೊದಲಿಂದ ಶುರು ಮಾಡ್ತೀನಿ. ಎಣಿಸೋದು ಹೇಗೆ ಅಂತ ನೀವೇ ಕೂರಿಸ್ಕೊಂಡು ಹೇಳ್ಕೊಡ್ತೀರಾ ಅಕ್ಕಾ?"

ಒಂದು ಸಣ್ಣ ಅನುಮಾನವನ್ನಾದರೂ ಅವಳು ಪಟ್ಟಿದ್ದರೆ ಅಕ್ಕ ಬಾಯಿ ಬಿಡುತ್ತಿರಲಿಲ್ಲವೇನೋ.

"ಆ ಹಾಳೆ ಎತ್ಕೋ."

"ಯಾಕಕ್ಕಾ?"

"ನಿಂದೇ ಸರಿ. ಏಳನೇದರಲ್ಲಿ ನಲವತ್ತೊಂದಿವೆ."

"ಮತ್ತೆ ಹತ್ತೊಂಬತ್ತು ಅಂತ ಬರೆದಿದ್ದೀಯಲ್ಲಮ್ಮ?" ಎಂದರು ಮೇಷ್ಟ್ರು.

"ಕಣ್ಣಲ್ಲಿ ಎಣಿಸಲಿಲ್ಲ ಮೇಷ್ಟ್ರೇ. ಹೊಟ್ಟೇಲಿ ಎಣಿಸಿದೆ."

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಎದ್ದು ಹೋದರು. ಗುಬ್ಬಿ ಬುಟ್ಟಿಯಿಂದ ಹಾಳೆ ತೆಗೆದು, ಮೇಜಿನ ಮೇಲಿಟ್ಟು, ಅಂಗೈಯಿಂದ ಸುಕ್ಕು ತೀಡಿದಳು.

ಎರಡು ದಿನ ಕಳೆದು ಅವಳು ಅಕ್ಕನ ಕೋಣೆಯ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ.

"ಮೇಡಂ," ಎಂದಳು. ಹಾಗೆ ಕರೆದದ್ದು ಅದೇ ಮೊದಲು. "ಹನ್ನೊಂದು ವರ್ಷದ ಹಿಂದಿನ ನಿಮ್ಮ ಸ್ಲೈಡುಗಳನ್ನ ನಾನೊಂದ್ಸಲ ಎಣಿಸಬಹುದಾ?"

ಅಕ್ಕನ ಮುಖಕ್ಕೆ ರಕ್ತ ನುಗ್ಗಿತು. ಆವತ್ತಿನದಕ್ಕೂ ಇದಕ್ಕೂ ಏನು ಸಂಬಂಧ ಎಂದು ಗದರಲು ಬಾಯಿ ತೆರೆದಳು. ಗದರದೆ ಎದ್ದು ಕಪಾಟಿನ ಬೀಗ ತೆಗೆದಳು.

"ಆವತ್ತು ನಂಗೆ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ," ಎಂದಳು, ಮೊದಲ ಪೆಟ್ಟಿಗೆಯನ್ನು ಅವಳ ಕೈಗಿಡುತ್ತ. "ಬರೀ ನಾನಂದಿದ್ದು ನಿಜ ಆಗ್ಲಿ ಅನ್ನೋ ಆಸೆ ಇತ್ತು. ಒಂದನ್ನೂ ಬಿಡದೆ ಎಣಿಸು."