ದೀಪಕ್ಕೊಂದು ಪ್ಲಗ್ಗು

ಸಂಗೀತ ಸಭಾದ ಕಾರ್ಯದರ್ಶಿಗಳಿಗೆ ತಮ್ಮ ಕಿವಿಯ ಮೇಲೆ ಅಪಾರ ನಂಬಿಕೆ. ಕಛೇರಿಯ ನಡುವೆ ಅವರು ಮುಂದಿನ ಸಾಲಿನಿಂದ ಕೈ ಮಾಡಿದಾಗಲೆಲ್ಲ, ವೇದಿಕೆಯ ಪಕ್ಕದ ಕತ್ತಲಲ್ಲಿ ಕೂತ ಮೈಕ್ ಸೆಟ್ಟಿನ ಪುಟ್ಟಮಾದು ಒಂದು ಯಂತ್ರದ ನಾಬನ್ನು ತುಸು ತಿರುಗಿಸುತ್ತಿದ್ದ. ಕತ್ತಲಲ್ಲಿ ಅವನ ಕೈ ತಪ್ಪುತ್ತಿದೆಯೆಂಬ ಗುಮಾನಿ ಅವರಿಗೆ. ತಾವೇ ಪೇಟೆಗೆ ಹೋಗಿ, ಯಂತ್ರಗಳ ರ‍್ಯಾಕಿಗೆ ಕೂರಿಸುವ ದೀಪ ತಂದರು. ಪ್ರೇಕ್ಷಕರ ಕಣ್ಣಿಗೆ ಹೊಡೆಯದಿರಲೆಂದು ಹಳದಿ ಬೆಳಕಿನದ್ದನ್ನೇ ಆರಿಸಿದ್ದರು.

“ಪ್ಲಗ್ಗಿಗೆ ಜಾಗ ಇಲ್ಲ ಸಾರ್, ಎಲ್ಲ ತುಂಬೋಗದೆ.”

“ಯಾವುದಾದ್ರೂ ಒಂದು ಕೀಳಯ್ಯ.”

“ಕಿತ್ರೆ ಆ ಯಂತ್ರ ಆಫ್ ಆಗೋಯ್ತದೆ.”

“ಇಷ್ಟೊಂದರಲ್ಲಿ ಕೆಲಸಕ್ಕೆ ಬಾರದ್ದು ಒಂದೂ ಇಲ್ವೇನಯ್ಯ?”

ಪುಟ್ಟಮಾದು ರ‍್ಯಾಕಿನ ಹಿಂದೆ ಕೈ ಹಾಕಿ ಒಂದು ಪ್ಲಗ್ ಕಿತ್ತು, ಅಲ್ಲಿಗೆ ದೀಪದ್ದನ್ನು ಸಿಕ್ಕಿಸಿದ.

ಸಂಜೆ ಕಛೇರಿ ಶುರುವಾಯಿತು. ಪಿಟೀಲು ಕಿವಿಗೆ ಚುಚ್ಚಿದಂತಾಗಿ ಕಾರ್ಯದರ್ಶಿಗಳು ಕೈ ಮಾಡಿದರು. ಪುಟ್ಟಮಾದು ನಾಬ್ ತಿರುಗಿಸಿದ್ದು ಹೊಸ ಬೆಳಕಿನಲ್ಲಿ ಸ್ಪಷ್ಟವಾಗಿ ಕಂಡಿತು. ಅವರು ಕಣ್ಣು ಮುಚ್ಚಿ ತಲೆದೂಗಿದರು.

ಮಂಗಳ ಹಾಡಿದ್ದೇ ತಡ, ಎದ್ದು ಬಂದರು.

“ನೋಡಿದೆಯೇನಯ್ಯ, ದೀಪ ಇದ್ರೆ ಹೇಗೆ! ಇಷ್ಟು ವರ್ಷದಲ್ಲಿ ಪಿಟೀಲು ಸರಿಯಾಗಿ ಕೇಳಿಸಿದ್ದು ಇವತ್ತೇ. ಅಂದಹಾಗೆ, ಯಾವುದರ ಪ್ಲಗ್ ಕಿತ್ತೆ?”

“ನೀವು ಕೈ ಮಾಡ್ದಾಗೆಲ್ಲ ತಿರುಗಿಸ್ತೀನಲ್ಲ ಸಾರ್, ಅದ್ರುದ್ದೇ.”