ಮೀಟರಿನ ಮುಳ್ಳು ಮತ್ತು ಮೇಲೆತ್ತಿದ ಕೈ

ಬಸ್ ಡಿಪೋದ ಗೋಡೆಗೆ ಒಂದು ಬೋರ್ಡ್. ಪ್ರತಿ ತಿಂಗಳೂ ಅದರಲ್ಲಿ ಎಲ್ಲ ಡ್ರೈವರ್‌ಗಳ ಮೈಲೇಜ್ ಬರೆದು ಹಾಕುತ್ತಿದ್ದರು.

ಮೇಲಿನ ಹೆಸರಿಗೆ ಚಪ್ಪಾಳೆ... ಕೊನೆಯ ಹೆಸರಿಗೆ ಕ್ಯಾಂಟೀನಿನಲ್ಲಿ ನಗು.

ಎರಡು ತಿಂಗಳಿಂದ ಕೊನೆಯ ಹೆಸರು ಹುಲುಗಪ್ಪನದೇ. ಲೀಟರಿಗೆ 4.4 ಕಿಲೋಮೀಟರ್.

ಮ್ಯಾನೇಜರ್ ಕರೆದು ನೇರವಾಗಿ ಹೇಳಿದರು. ಈ ತಿಂಗಳು ಐದು ಮುಟ್ಟದಿದ್ದರೆ ಹಗಲು ರೂಟ್ ಬೇರೆಯವರಿಗೆ. ಅವನಿಗೆ ನೈಟ್ ಹಾಲ್ಟ್... ಕೊನೆಯ ಹಳ್ಳಿಯಲ್ಲಿ ಬಸ್ಸಿನಲ್ಲೇ ಮಲಗಿ, ಬೆಳಿಗ್ಗೆ ವಾಪಸ್ ಬರುವ ಡ್ಯೂಟಿ.

ಬೇರೆ ಸಮಯದಲ್ಲಾದರೆ ಹೂಂ ಎನ್ನುತ್ತಿದ್ದ. ಆದರೆ ಹೆಂಡತಿ ಯಂಕಮ್ಮನಿಗೆ ಈಗ ಏಳು ತಿಂಗಳು. ಹಿಂದೆ ಎರಡು ಬಸಿರು ನಿಂತಿರಲಿಲ್ಲ. ಎರಡು ಸಲವೂ ನೋವು ಶುರುವಾಗಿದ್ದು ರಾತ್ರಿಯೇ. ಮನೆಯಲ್ಲಿ ಇರುವುದು ಅವರಿಬ್ಬರೇ.

ಅವನ ಬಸ್ಸಿಗೆ ಹೊಸ ಮೀಟರ್ ಹಾಕಿದ್ದರು. ಡೀಸೆಲ್ ಹಿತವಾಗಿ ಉರಿದರೆ ಮುಳ್ಳು ಹಸಿರಿನಲ್ಲಿ, ದಂಡವಾದರೆ ಕೆಂಪಿನಲ್ಲಿ. ಕೆಳಗೆ ತಿಂಗಳ ಸರಾಸರಿಯೂ ಕಾಣುತ್ತಿತ್ತು.

ಹುಲುಗಪ್ಪ ಆ ಮುಳ್ಳಿಗೇ ಕಣ್ಣು ಅಂಟಿಸಿಕೊಂಡ. ಕಂಡಕ್ಟರ್ ಶರಣಪ್ಪ ಛೇಡಿಸಿದ, "ನಿನ್ನ ಮದುವ್ಯಾಗ ಹೆಣ್ಣಿನ ಮುಖಾನೂ ಇಷ್ಟು ನೋಡಿರ್ಲಿಕ್ಕಿಲ್ಲ ನೀನು."

ನೋಡಿ ನೋಡಿ ಒಂದು ವಿಷಯ ಅವನಿಗೆ ಗೊತ್ತಾಯಿತು. ನಿಂತ ಬಸ್ಸನ್ನು ಮತ್ತೆ ಎಳೆಯುವಾಗಲೇ ಮುಳ್ಳು ಕೆಂಪಿಗೆ ಬೀಳುತ್ತದೆ.

ಅಂದರೆ... ನಿಲ್ಲಿಸದಿದ್ದರೆ ಆಯಿತು.

ಆ ರೂಟಿನಲ್ಲಿ ಸ್ಟಾಪ್ ಇಲ್ಲದ ಕಡೆಯೂ ಜನ ಕೈ ಮಾಡುತ್ತಾರೆ, ಬಸ್ ನಿಲ್ಲುತ್ತದೆ. ಹಿಂದಿನಿಂದ ಬಂದ ರೂಢಿ. ಹುಲುಗಪ್ಪ ಅದನ್ನು ಬಿಟ್ಟ. ಗದ್ದೆ ಕೆಲಸದವರು ಕೈ ಮಾಡಿದರು, ಬುಟ್ಟಿ ಹೊತ್ತವರು ಮಾಡಿದರು... ಬಸ್ ನಿಲ್ಲಲಿಲ್ಲ.

ಮೂರನೆಯ ದಿನ ಸಂಜೆ ಖುಷಿಯಿಂದ ಮನೆಗೆ ಬಂದ. ಯಂಕಮ್ಮ ಬಾತುಕೊಂಡ ಪಾದಗಳನ್ನು ಬಕೆಟ್ ನೀರಿನಲ್ಲಿ ಇಳಿಬಿಟ್ಟು ಕೂತಿದ್ದಳು. ಅವನು ಅದನ್ನೂ ಗಮನಿಸದೆ ಇವತ್ತು 4.8 ಬಂತು ಎಂದು ಶುರುಮಾಡಿದ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, "ಮಧ್ಯಾಹ್ನ ಕಾಲುವೆ ಸೇತುವೆ ಹತ್ರ ಒಬ್ಬಾಕಿ ಕೈ ಮಾಡಿದ್ಲಲ್ಲ, ಕಂಡ್ಲೇನ್ರಿ?"

"ಯಾರೋ ಸೆರಗು ಹೊದ್ದಾಕಿ ಇದ್ಲು. ಏರಿನಾಗ ನಿಲ್ಸಿದ್ರ ಮುಳ್ಳು ಸೀದಾ ಕೆಂಪಿಗೇ ಹೊಕ್ಕೈತಿ."

"ನಾನೇ ರೀ."

ಅವಳು ಸೇತುವೆ ಆಚೆಯ ಆಸ್ಪತ್ರೆಗೆ ಚೆಕಪ್‌ಗೆ ಹೋಗಿದ್ದಳು. ಗಂಡನ ಬಸ್ಸಿನಲ್ಲೇ ವಾಪಸ್ ಬರೋಣ, ನೋಡಿ ನಗುತ್ತಾನೆ ಎಂದುಕೊಂಡು ನಿಂತಿದ್ದಳು. ಮುಂದಿನ ಬಸ್ ಬಂದಿದ್ದು ಒಂದೂವರೆ ತಾಸಿನ ಮೇಲೆ. ಅಲ್ಲಿ ಕೂರಲು ಒಂದು ಕಲ್ಲೂ ಇಲ್ಲ.

"ಹೋಗ್ಲಿ ಬಿಡ್ರಿ. ಮೀಟರ್ ಚೊಲೊ ಬಂತಲ್ಲ," ಎಂದಳು. ಚುಚ್ಚಿ ಹೇಳಿದ ಮಾತಲ್ಲ. ಅವಳಿಗೂ ಅವನು ರಾತ್ರಿ ಮನೆಯಲ್ಲಿರುವುದು ಬೇಕಿತ್ತು.

ಹುಲುಗಪ್ಪ ನೆಲಕ್ಕೆ ಕೂತು ಅವಳ ಪಾದಗಳನ್ನು ಮಡಿಲಿಗೆ ತೆಗೆದುಕೊಂಡ. ಕೈ ಕಂಡಿತ್ತು... ಮುಖ ನೋಡಿರಲಿಲ್ಲ. ಒರೆಸುತ್ತಾ ಒರೆಸುತ್ತಾ ಅವನ ಕಣ್ಣು ತುಂಬಿತು.

ಮರುದಿನ ಡಿಪೋದಲ್ಲಿ ಡ್ರೈವಿಂಗ್ ಹೇಳಿಕೊಡುವ ಖಾಜಾಸಾಬರ ಬಳಿ ತಾನೇ ಹೋದ. ಮೈಲೇಜ್ ಬೇಕು, ಆದರೆ ಯಾರನ್ನೂ ಬಿಟ್ಟು ಹೋಗಲು ಆಗುವುದಿಲ್ಲ ಎಂದ.

ಅವರು ಒಂದು ಟ್ರಿಪ್ ಅವನ ಪಕ್ಕದಲ್ಲಿ ಕೂತರು. ಅವನು ಹಂಪ್ ತನಕ ಜೋರಾಗಿ ಹೋಗಿ ಅಲ್ಲಿ ಬ್ರೇಕ್ ಒತ್ತುವುದು, ದಾಟಿದ ಕೂಡಲೇ ಮತ್ತೆ ಪೂರ್ತಿ ತುಳಿಯುವುದು... ಎಲ್ಲವನ್ನೂ ನೋಡಿದರು.

"ಡೀಸೆಲ್ ತಿನ್ನೋದು ಜನ ಅಲ್ಲಪ್ಪ, ನಿನ್ನ ಅವಸರ," ಎಂದರು. "ಮುಳ್ಳು ಆಮೇಲೆ ನೋಡು. ಮೊದ್ಲು ದೂರ ನೋಡು."

ದೂರದಲ್ಲಿ ಒಬ್ಬರು ಕೈ ಎತ್ತಿದರು. ಖಾಜಾಸಾಬರು ಈಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆ, ಬಸ್ ಗೇರ್‌ನಲ್ಲೇ ಇರಲಿ ಎಂದರು. ಮುಳ್ಳು ಹಸಿರಿನ ತುದಿಗೆ ಹೋಯಿತು. ಬಸ್ ತನ್ನ ಓಟದಲ್ಲೇ ನಿಧಾನವಾಗುತ್ತಾ ಹೋಗಿ, ಆ ಮನುಷ್ಯನ ಮುಂದೆ ಒಂದು ಚೂರು ಬ್ರೇಕಿಗೇ ನಿಂತಿತು. ಹೊರಡುವಾಗ ಮೆಲ್ಲಗೆ ತುಳಿಸಿದರು. ಮುಳ್ಳು ಕೆಂಪಿಗೆ ಹೋಯಿತು, ಆದರೆ ಬೇಗ ಹಿಂದಕ್ಕೆ ಬಂತು.

ಕಲಿಯಲು ಒಂದು ವಾರ ಹಿಡಿಯಿತು. ಮೊದಲೆರಡು ದಿನ ಬಸ್ ಲೇಟಾಯಿತು, ಬೈಸಿಕೊಂಡ. ಆಮೇಲೆ ಕಾಲಿಗೆ ರೂಢಿಯಾಯಿತು. ನಿಲ್ಲದೇ ಹೋಗುವಾಗ 4.8 ದಾಟದ ಸರಾಸರಿ, ನಿಂತು ನಿಂತು ಹೋಗುವಾಗ ಅದನ್ನೂ ದಾಟಿ ಏರತೊಡಗಿತು.

ತಿಂಗಳ ಕೊನೆಯ ದಿನ. ಕೊನೆಯ ಟ್ರಿಪ್. ಮೀಟರಿನಲ್ಲಿ 5.0... ಒಂದು ಕೂದಲು ಜಾರಿದರೂ 4.9.

ಅದೇ ಸೇತುವೆಯ ಏರಿನಲ್ಲಿ ವಯಸ್ಸಾದ ಗಂಡ ಹೆಂಡತಿ ಕೈ ಮಾಡಿದರು. ಶರಣಪ್ಪನೇ ಮೆಲ್ಲಗೆ ಅಂದ, "ಇವತ್ತೊಂದಿನ ಹೋಗ್ಬಿಡು ಮಾರಾಯ. ಹಿಂದ ಇನ್ನೊಂದು ಬಸ್ ಐತಿ."

ಹುಲುಗಪ್ಪ ಆಗಲೇ ಕಾಲು ತೆಗೆದಿದ್ದ. ಮುದುಕ ಹತ್ತಿದ, ತಿರುಗಿ ಹೆಂಡತಿಯ ಕೈ ಹಿಡಿದು ಹತ್ತಿಸಿಕೊಂಡ. ಅವರು ಕೂರುವ ತನಕ ಬಸ್ ಅಲುಗಲಿಲ್ಲ. ಹೊರಟಾಗ ಅವನು ಮೀಟರ್ ನೋಡಲೇ ಇಲ್ಲ.

ಮರುದಿನ ಬೆಳಿಗ್ಗೆ ಬೋರ್ಡಿನಲ್ಲಿ ಅವನ ಹೆಸರು ನಡುವಿನಲ್ಲೆಲ್ಲೋ ಇತ್ತು. ಮುಂದೆ 5.0.

ಚಪ್ಪಾಳೆಯೂ ಇಲ್ಲ, ನಗುವೂ ಇಲ್ಲ. ಆದರೆ ಡ್ಯೂಟಿ ಚಾರ್ಟಿನಲ್ಲಿ ಅದೇ ಹಗಲು ರೂಟ್ ಅವನ ಹೆಸರಿನಲ್ಲೇ ಉಳಿದಿತ್ತು.

ಗೋಡೆಗೆ ಒರಗಿ ಯಂಕಮ್ಮನಿಗೆ ಫೋನ್ ಮಾಡಿದ. ಮೈಲೇಜ್ ಎಷ್ಟು ಬಂತೆಂದು ಹೇಳಲಿಲ್ಲ.

"ರಾತ್ರಿ ಊಟಕ್ಕ ಮನೀಗೇ ಬರ್ತೀನಿ," ಎಂದಷ್ಟೇ ಹೇಳಿದ. "ಇವತ್ತೂ... ನಾಳೆನೂ."

ಇಬ್ಬರೂ ಫೋನ್ ಇಡಲಿಲ್ಲ.

*

ದೂರದಿಂದಲೇ ಮನುಷ್ಯರನ್ನು ನೋಡುವವನಿಗೆ, ಅವರಿಗಾಗಿ ನಿಲ್ಲುವುದು ನಷ್ಟವಲ್ಲ.

ಇವತ್ತು ನಿಮ್ಮ ಅವಸರದ ದಾರಿಯಲ್ಲಿ ಎಷ್ಟು ಕೈಗಳು ಕಂಡವು... ಅದರಲ್ಲಿ ಎಷ್ಟು ಮುಖಗಳನ್ನು ನೋಡಿದಿರಿ?