ನೋವಿದ್ರೆ ರೆಸ್ಟು

ರೇಸಿಗೆ ಇನ್ನೊಂದು ಗಂಟೆಯಿತ್ತು. ಡಾಕ್ಟರು ಮುಂಗಾಲು ಒತ್ತಿದೊಡನೆ ಕುದುರೆ ಕಾಲನ್ನು ಎಳೆದುಕೊಂಡಿತು.

“ಒಂದು ನೋವಿನ ಇಂಜೆಕ್ಷನ್ ಹಾಕ್ಬಿಡಿ ಡಾಕ್ಟ್ರೇ, ಓಡುತ್ತೆ,” ಎಂದ ಟ್ರೇನರ್.

“ಹೊಸ ರೂಲ್ಸು ಸಾರ್. ಔಷಧಿ ಕೊಟ್ಟು ಓಡಿಸೋ ಹಾಗಿಲ್ಲ, ನೋವಿದ್ರೆ ರೆಸ್ಟು. ಪಾಪ, ಮೂಕಪ್ರಾಣಿ ಅಲ್ವಾ?”

ಟ್ರೇನರ್ ಗೊಣಗುತ್ತ ಅದನ್ನು ಲಾಯಕ್ಕೆ ಕಳಿಸಿದ. ಅದೇ ರೇಸಿನಲ್ಲಿ ಅವನದೇ ಇನ್ನೊಂದು ಕುದುರೆಯಿತ್ತು. ಜಾಕಿಯತ್ತ ತಿರುಗಿ, “ಇದನ್ನ ಹತ್ತೋ,” ಎಂದ.

“ಬೆಳಿಗ್ಗೆ ಬಿದ್ದೆನಲ್ಲ ಸಾರ್, ಪಕ್ಕೆಲುಬು ಮುರಿದಿದೆ. ಉಸಿರಾಡಿದ್ರೂ ಚುಚ್ಚುತ್ತೆ.”

“ಎರಡು ನೋವಿನ ಮಾತ್ರೆ ನುಂಗಿ ಹತ್ತು. ಆಗಲ್ಲ ಅಂದ್ರೆ ಹೇಳು, ನಾಳೆಯಿಂದ ಬೇರೆ ಜಾಕಿ ಬರ್ತಾನೆ.”

ಜಾಕಿ ಮಾತ್ರೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಬಂದ.

“ನನ್ನನ್ನೂ ಕುದುರೆ ಅಂತ ಬರ್ಕೊಂಡ್ಬಿಡಿ ಸಾರ್.”